ನಮ್ಮ ದುಡ್ಡಲ್ಲಿ ನಮಗೇ ಗ್ಯಾರಂಟಿ: ಶೇ. 24.1ರ ಲೆಕ್ಕ ಕೇರಿಗೆ ಬರಲಿ

ಗೆಳೆಯರೇ, ಪೋಸ್ಟ್ ಉದ್ದ ಇದೆ. ಆದ್ರೂ ಕೊನೇವರೆಗೂ ಓದಿ, ಓದಿದ ಮೇಲೆ ನಿಮ್ಮ ನಿಮ್ಮ ಪಂಚಾಯ್ತಿಗೆ ಒಂದು ಸಲ ಹೋಗಿ ಬನ್ನಿ. ಲೈಕ್ ಒತ್ತಿ ಮುಂದಕ್ಕೆ ಹೋಗೋ ವಿಷಯ ಅಲ್ಲ ಇದು.

ಮೊನ್ನೆ ನನ್ನ ಒಂದು ಪೋಸ್ಟಿನ ಕೆಳಗೆ ಒಬ್ಬರು ಕೇಳಿದ್ರು: "ಪ್ರತಿ ವರ್ಷ ಬಜೆಟ್‌ನಲ್ಲಿ ನಿಮ್ಮ ಹೆಸರಲ್ಲೇ ನಲವತ್ತು ಸಾವಿರ ಕೋಟಿ ತೆಗೆದಿಡ್ತಾರಲ್ಲ, ಇನ್ನೂ ಎಷ್ಟು ಬೇಕು ಸ್ವಾಮಿ ನಿಮಗೆ?" ಕೇಳಿದವರು ಕೆಟ್ಟವರಲ್ಲ. ಟಿವಿಯಲ್ಲಿ ಬಂದ ಅಂಕಿ ನಂಬಿದಾರೆ ಅಷ್ಟೇ. ಈ ಪ್ರಶ್ನೆ ಅವರೊಬ್ಬರದ್ದೂ ಅಲ್ಲ. ಟೀ ಅಂಗಡೀಲಿ, ಬಸ್ಸಲ್ಲಿ, ಆಫೀಸಲ್ಲಿ ನಮ್ಮ ಹುಡುಗರು ದಿನಾ ಕೇಳಿಸಿಕೊಳ್ಳೋ ಮಾತು. ಹಾಗಾಗಿ ಲೆಕ್ಕ ಬಿಚ್ಚಿಯೇ ಮಾತಾಡೋಣ.

ಮೊದಲು ಈ ದುಡ್ಡು ಎಲ್ಲಿಂದ ಬಂತು ಅನ್ನೋದು.

ಇದು ಯಾರೋ ಮುಖ್ಯಮಂತ್ರಿ ಕರುಣೆ ತೋರಿಸಿ ಕೊಟ್ಟಿದ್ದಲ್ಲ. ಸ್ವಾತಂತ್ರ್ಯ ಬಂದು ನಾಲ್ಕು ಯೋಜನೆ ಮುಗಿದ್ರೂ ಅಭಿವೃದ್ಧಿಯ ಹಣ ಊರಿನ ಒಳಗೇ ಸುತ್ತುತ್ತಾ ಇತ್ತು, ಕೇರಿ ತನಕ ಬರ್ತಾನೇ ಇರಲಿಲ್ಲ. ಅದಕ್ಕೇ 1970ರ ದಶಕದಲ್ಲಿ ಬುಡಕಟ್ಟು ಉಪಯೋಜನೆ ಬಂತು. ದಶಕದ ಕೊನೆಗೆ ಪರಿಶಿಷ್ಟ ಜಾತಿಗಳಿಗೆ ವಿಶೇಷ ಘಟಕ ಯೋಜನೆ ಬಂತು. ಇದರ ಹಿಂದೆ ಇದ್ದವರು ಪಿ.ಎಸ್. ಕೃಷ್ಣನ್ ಅನ್ನೋ ಐಎಎಸ್ ಅಧಿಕಾರಿ. ತತ್ವ ತುಂಬಾ ಸರಳ. ಜನಸಂಖ್ಯೆಯಲ್ಲಿ ನಾವೆಷ್ಟು ಪಾಲೋ ಯೋಜನಾ ಹಣದಲ್ಲೂ ಅಷ್ಟು ಪಾಲು. ಆ ಪಾಲು ನಮ್ಮ ಜನಕ್ಕೆ, ನಮ್ಮ ಕೇರಿಗೆ ನೇರವಾಗಿ ತಲುಪಬೇಕು.

ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಅದು ಬರೀ ಮಾರ್ಗಸೂಚಿಯಾಗಿತ್ತು. ಮಾರ್ಗಸೂಚಿ ಅಂದ್ರೆ ನಿಮಗೆ ಗೊತ್ತಲ್ಲ, ಫೈಲಿನಲ್ಲಿ ಇರತ್ತೆ, ಕೇಳೋರು ಇರಲ್ಲ. ದಲಿತ ಸಂಘಟನೆಗಳು ಬೀದಿಗಿಳಿದು ಕಾಯ್ದೆ ಮಾಡಿ ಅಂತ ಹಠ ಹಿಡಿದ ಮೇಲೆ 2013ರಲ್ಲಿ ಮೊದಲು ಆಂಧ್ರಪ್ರದೇಶ, ಅದರ ಹಿಂದೆಯೇ ಕರ್ನಾಟಕ ಕಾಯ್ದೆ ಮಾಡಿದವು. ನಮ್ಮಲ್ಲಿ ಆಗ ಸಿದ್ದರಾಮಯ್ಯನವರ ಸರ್ಕಾರ. ಆ ಶ್ರೇಯಸ್ಸು ಅವರಿಗೆ ಸಲ್ಲಬೇಕು, ನಾನು ಯಾವತ್ತೂ ಇಲ್ಲ ಅಂದಿಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ. 17.15, ಪರಿಶಿಷ್ಟ ಪಂಗಡ ಶೇ. 6.95. ಎರಡೂ ಸೇರಿ ಶೇ. 24.1. ಅಂದ್ರೆ ಒಂದೂವರೆ ಕೋಟಿ ಹತ್ತಿರ ಜನ. ಈ ಶೇ. 24.1 ನಮ್ಮ ಕಾನೂನುಬದ್ಧ ಹಕ್ಕು. ದಾನ ಅಲ್ಲ, ಭಿಕ್ಷೆ ಅಲ್ಲ, ಪ್ಯಾಕೇಜೂ ಅಲ್ಲ.

ಈಗ ಆ ಹಕ್ಕಿಗೆ ಏನಾಯ್ತು ನೋಡಿ.

ಕಾಯ್ದೆಯ ಒಳಗೇ ಒಂದು ಕಿಂಡಿ ಇಟ್ಟಿದ್ರು. ಸೆಕ್ಷನ್ 7(ಡಿ). ರಸ್ತೆ, ಸೇತುವೆ, ನೀರಾವರಿ ಥರದ, ಇವರಿಗಿಷ್ಟು ಅವರಿಗಿಷ್ಟು ಅಂತ ಪಾಲು ಮಾಡೋಕಾಗದ ಕಾಮಗಾರಿಗಳಲ್ಲಿ ಒಂದು ಭಾಗವನ್ನ ಪರಿಶಿಷ್ಟರಿಗೇ ಖರ್ಚಾಯ್ತು ಅಂತ "ಭಾವಿಸಬಹುದು". ಭಾವಿಸೋದು! ಹೆದ್ದಾರಿ ಮೇಲೆ ನಮ್ಮವರೂ ಓಡಾಡ್ತಾರಲ್ಲ, ಹಾಗಾಗಿ ಆ ಹೆದ್ದಾರಿಯ ಒಂದು ತುಂಡು ದಲಿತರ ಅಭಿವೃದ್ಧಿ. ಹತ್ತು ವರ್ಷ ಹೀಗೆ ಭಾವಿಸಿಕೊಂಡೇ ನಮ್ಮ ದುಡ್ಡನ್ನ ಊರ ಕಾಮಗಾರಿಗೆ ಸುರಿದ್ರು. ಕಾಂಗ್ರೆಸ್ ಇದ್ದಾಗಲೂ ಕಿಂಡಿ ಇತ್ತು, ಸಮ್ಮಿಶ್ರ ಸರ್ಕಾರ ಇದ್ದಾಗಲೂ ಇತ್ತು, ಬಿಜೆಪಿ ಇದ್ದಾಗಲೂ ಇತ್ತು. ಇವತ್ತು ದಲಿತರ ಹಣ ಲೂಟಿ ಆಯ್ತು ಅಂತ ಪ್ಲಕಾರ್ಡ್ ಹಿಡಿದು ನಿಲ್ಲೋ ಬಿಜೆಪಿಯವರು ತಮ್ಮ ಅಧಿಕಾರದಲ್ಲಿ ಆ ಕಿಂಡಿಗೆ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಅವರ ಪಕ್ಷ ಆಳೋ ಕೇಂದ್ರದಲ್ಲಿ ಇಂಥ ಕಾಯ್ದೆಯೇ ಇಲ್ಲ. ಅದಕ್ಕೇ ಅವರ ಕಣ್ಣೀರನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ.

2023ರಲ್ಲಿ ಈಗಿನ ಸರ್ಕಾರ 7(ಡಿ) ತೆಗೆದು ಹಾಕಿತು. ನಾವೆಲ್ಲ ಸಂಭ್ರಮಪಟ್ಟೆವು. ಸಂಭ್ರಮ ಪಡಬೇಕಾದ್ದೇ, ಅದು ದೊಡ್ಡ ಹೆಜ್ಜೆ. ಆದರೆ ಮುಂಬಾಗಿಲು ಮುಚ್ಚಿದವರು ಅದೇ ವರ್ಷ ಹಿತ್ತಲ ಬಾಗಿಲು ತೆಗೆದ್ರು. ಅದರ ಹೆಸರು 7(ಸಿ).

7(ಸಿ) ಏನು ಹೇಳತ್ತೆ? ಯಾವುದಾದ್ರೂ ಸಾಮಾನ್ಯ ಯೋಜನೆಯಲ್ಲಿ ಬೇರೆಯವರ ಜೊತೆ ಪರಿಶಿಷ್ಟ ವ್ಯಕ್ತಿಗಳು, ಕುಟುಂಬಗಳೂ ಫಲಾನುಭವಿ ಆಗಿದ್ರೆ, ಅವರ ಸಂಖ್ಯೆಗೆ ತಕ್ಕ ಹಣವನ್ನ ಉಪಯೋಜನೆಯಿಂದ ಕೊಡಬಹುದು. ಇದನ್ನೇ ಹಿಡ್ಕೊಂಡು ಐದು ಗ್ಯಾರಂಟಿಗಳ ಖರ್ಚನ್ನ ನಮ್ಮ ಪಾಲಿನಿಂದ ಎತ್ತೋಕೆ ಶುರು ಮಾಡಿದ್ರು. 2023-24ರಲ್ಲಿ ಉಪಯೋಜನೆಗೆ ಇಟ್ಟಿದ್ದು 34 ಸಾವಿರ ಕೋಟಿ ಚಿಲ್ಲರೆ, ಅದರಲ್ಲಿ ಗ್ಯಾರಂಟಿಗೆ ಹೋಗಿದ್ದು 11 ಸಾವಿರ ಕೋಟಿಗೂ ಹೆಚ್ಚು. 2024-25ರಲ್ಲಿ ಇಟ್ಟಿದ್ದು 39 ಸಾವಿರ ಕೋಟಿ ಚಿಲ್ಲರೆ, ಗ್ಯಾರಂಟಿಗೆ 14 ಸಾವಿರ ಕೋಟಿಗೂ ಹೆಚ್ಚು. ಎರಡೇ ವರ್ಷಕ್ಕೆ 25 ಸಾವಿರ ಕೋಟಿ ದಾಟಿತು. 2025-26ರಲ್ಲಿ ಮೊತ್ತ 42 ಸಾವಿರ ಕೋಟಿ ಮುಟ್ಟಿತು ಅಂತ ಎದೆ ತಟ್ಟಿಕೊಂಡ್ರು, ಗ್ಯಾರಂಟಿಗೆ ಎತ್ತೋದು ಮಾತ್ರ ನಿಲ್ಲಲಿಲ್ಲ.

ಇಲ್ಲಿ ತಕ್ಷಣ ಒಂದು ಮಾತು ಬರತ್ತೆ: "ಗ್ಯಾರಂಟಿ ದಲಿತರಿಗೂ ಸಿಗ್ತಾ ಇದೆಯಲ್ಲ. ಬಡವರಿಗೆ ಕೊಟ್ರೆ ನಿಮಗ್ಯಾಕೆ ಹೊಟ್ಟೆಕಿಚ್ಚು?"

ಸ್ವಾಮಿ, ನಾನು ಗ್ಯಾರಂಟಿ ವಿರೋಧಿ ಅಲ್ಲ. ನಮ್ಮ ಹೆಣ್ಣುಮಕ್ಕಳ ಕೈಗೆ ತಿಂಗಳಿಗೆ 2000 ರೂಪಾಯಿ ಬಂದಾಗ ಏನಾಗತ್ತೆ ಅಂತ ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಕೈಸಾಲ ಮಾಡೋದು ಕಮ್ಮಿ ಆಗತ್ತೆ. ಮಗುಗೆ ಜ್ವರ ಬಂದ್ರೆ ಗೌಡರ ಮನೆ ಬಾಗಿಲಲ್ಲಿ ನಿಲ್ಲೋದು ತಪ್ಪತ್ತೆ. ಫ್ರೀ ಬಸ್ಸಿನಿಂದ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗೋ ಹೆಣ್ಣುಮಕ್ಕಳಿಗೆ ಎಷ್ಟು ಉಳಿತಾಯ ಅಂತ ಲೆಕ್ಕ ಹಾಕಿ ಹೇಳಬಲ್ಲೆ. ಗ್ಯಾರಂಟಿ ಬೇಕು, ಇರಲಿ. ಪ್ರಶ್ನೆ ಇರೋದು ಅದು ಯಾರ ಜೇಬಿನಿಂದ ಅನ್ನೋದರಲ್ಲಿ.

ಒಂದು ಊರು ತಗೊಳ್ಳಿ. ಇಬ್ಬರು ಹೆಣ್ಣುಮಕ್ಕಳು. ಒಬ್ಬರು ಊರೊಳಗೆ, ಒಬ್ಬರು ಕೇರಿಯಲ್ಲಿ. ಇಬ್ಬರಿಗೂ ವರ್ಷಕ್ಕೆ 24 ಸಾವಿರ ಗೃಹಲಕ್ಷ್ಮಿ. ಊರೊಳಗಿನ ಅಕ್ಕನಿಗೆ ಆ ಹಣ ಬರೋದು ಸರ್ಕಾರದ ಸಾಮಾನ್ಯ ಖಜಾನೆಯಿಂದ. ಕೇರಿಯ ಅಕ್ಕನಿಗೆ ಬರೋದು ಕೇರಿಗೆ ಅಂತ ತೆಗೆದಿಟ್ಟ ಹಣದಿಂದ. ಇಬ್ಬರ ಬ್ಯಾಂಕ್ ಪಾಸ್‌ಬುಕ್ಕಲ್ಲೂ ಒಂದೇ ಮೊತ್ತ ಕಾಣತ್ತೆ. ಆದರೆ ಕೇರಿಯ ಅಕ್ಕನ ಮಗನ ಹಾಸ್ಟೆಲ್ಲಿಗೆ, ಅವಳ ಗಂಡನ ಎರಡೆಕರೆಗೆ ಕೊರೆಸಬೇಕಿದ್ದ ಬೋರ್‌ವೆಲ್ಲಿಗೆ, ಅವಳ ಮನೆ ಮುಂದಿನ ಚರಂಡಿಗೆ ಇಟ್ಟಿದ್ದ ದುಡ್ಡೇ ಅವಳ ಪಾಸ್‌ಬುಕ್ಕಿಗೆ ಬಂದಿರೋದು. ಊರ ಹಬ್ಬದಲ್ಲಿ ಎಲ್ಲರಿಗೂ ಊರ ಹಂಡೆಯಿಂದ ಬಡಿಸಿ, ನಮ್ಮ ಪಂಕ್ತಿಗೆ ಬಂದಾಗ ಮಾತ್ರ ನಮ್ಮ ಮನೆಯಿಂದ ತಂದ ಅಕ್ಕಿ ಬೇಯಿಸಿ ಬಡಿಸಿದ ಹಾಗೆ. ಮೇಲೆ, "ಉಂಡ್ರಲ್ಲಾ, ಇನ್ನೇನು?" ಅಂತ ಬೇರೆ ಕೇಳೋದು.

ಉಪಯೋಜನೆ ಅಂದ್ರೆ ಹೆಚ್ಚುವರಿ. ಎಲ್ಲ ನಾಗರಿಕರಿಗೂ ಸಿಗೋದು ನಮಗೂ ಸಿಗಬೇಕು, ಅದರ ಮೇಲೆ ನೂರಾರು ವರ್ಷದ ಅಂತರ ತುಂಬೋಕೆ ಇದು. ನಾಗರಿಕರಾಗಿ ನಮಗೆ ಸಿಗಬೇಕಾದ್ದನ್ನ ದಲಿತರಾಗಿ ನಮಗೆ ಸಿಗಬೇಕಾದ್ದರಿಂದ ವಜಾ ಮಾಡಿದ್ರೆ ಉಳಿಯೋದು ಸೊನ್ನೆ.

ಇನ್ನೊಂದು ತಮಾಷೆ ನೋಡಿ. 7(ಸಿ) ಪ್ರಕಾರ ಫಲಾನುಭವಿಗಳ ಸಂಖ್ಯೆಗೆ ತಕ್ಕಷ್ಟೇ ಹಣ ತೆಗೀಬೇಕು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲಿ ಜಾತಿಯ ಕಾಲಂ ಇದೆಯಾ? ಕಂಡಕ್ಟರ್ ಯಾವ ಹೆಣ್ಣುಮಗಳನ್ನಾದ್ರೂ "ನಿಮ್ಮದು ಯಾವ ಜಾತಿ ಅಮ್ಮಾ" ಅಂತ ಕೇಳ್ತಾನಾ? ಕೇಳಲ್ಲ, ಕೇಳಲೂ ಬಾರದು. ಹಾಗಿದ್ದ ಮೇಲೆ ಆ ಬಸ್ಸಲ್ಲಿ ಎಷ್ಟು ಜನ ನಮ್ಮವರು ಅಂತ ಯಾವ ದಾಖಲೆಯಿಂದ ಎಣಿಸಿದ್ರಿ? ಎಣಿಸೋಕೆ ಸಾಧ್ಯ ಇಲ್ಲ, ಅಂದಾಜು ಮಾಡಬೇಕು. ಅಂದಾಜು ಅಂದ್ರೆ ಮತ್ತೆ "ಭಾವಿಸೋದು". ತೆಗೆದು ಹಾಕಿದ 7(ಡಿ) ಹೊಸ ಅಂಗಿ ಹಾಕ್ಕೊಂಡು ಬಸ್ಸು ಹತ್ತಿದೆ ಅಷ್ಟೇ.

ಇದು ವಿಧಾನಸೌಧದ ಲೆಕ್ಕ. ಈಗ ಊರಿಗೆ ಬನ್ನಿ.

ಕರ್ನಾಟಕದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯ್ತಿಗಳಿವೆ. 2024-25ರಲ್ಲಿ ಗ್ಯಾರಂಟಿಗೆ ಎತ್ತಿಟ್ಟ ನಮ್ಮ 14 ಸಾವಿರ ಚಿಲ್ಲರೆ ಕೋಟಿಯನ್ನ ಅಷ್ಟೂ ಪಂಚಾಯ್ತಿಗೆ ಸಮನಾಗಿ ಹಂಚಿದ್ರೆ ಒಂದೊಂದಕ್ಕೆ 2 ಕೋಟಿ 30 ಲಕ್ಷದ ಮೇಲೆ ಬರತ್ತೆ. ಒಂದೇ ವರ್ಷಕ್ಕೆ. ಪಟ್ಟಣದಲ್ಲಿರೋ ನಮ್ಮವರ ಪಾಲು ಬೇರೆ ತೆಗೆದಿಟ್ರೂ ಕೋಟಿ ಮೀರತ್ತೆ. ನಿಮ್ಮ ಪಂಚಾಯ್ತಿಯ ಕೇರಿಗಳನ್ನ ಒಂದು ಸಲ ಕಣ್ಮುಂದೆ ತಂದ್ಕೊಳ್ಳಿ. ಹೆಣ ಹೂಳೋಕೆ ಜಾಗ ಇಲ್ಲದೆ ಕೆರೆ ಅಂಗಳದಲ್ಲೋ ಹಳ್ಳದ ದಂಡೇಲೋ ಗುಂಡಿ ತೋಡೋ ಕೇರಿಗೆ ಎರಡೆಕರೆ ಸ್ಮಶಾನ ಕೊಳ್ಳಬಹುದಿತ್ತು. ಒಂದೇ ಕೋಣೆಯಲ್ಲಿ ಮೂರು ಸಂಸಾರ ಇರೋ ಮನೆಗಳಿಗೆ ನಿವೇಶನಕ್ಕೆ ಜಮೀನು ಕೊಳ್ಳಬಹುದಿತ್ತು. ಭೂ ಒಡೆತನ ಯೋಜನೆಗೆ, ಗಂಗಾ ಕಲ್ಯಾಣಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ನಿಗಮದ ಆಫೀಸಿಗೆ ಅಲೆಯೋ ಎಷ್ಟು ಜನರ ಅರ್ಜಿ ವಿಲೇವಾರಿ ಆಗ್ತಿತ್ತು ಯೋಚನೆ ಮಾಡಿ.

ಮೇಲಿನ ಕಥೆ ಹೀಗಾದ್ರೆ ಕೆಳಗಿನ ಕಥೆ ಇನ್ನೊಂದು. ಪಂಚಾಯ್ತಿಯ ಸ್ವಂತ ಆದಾಯದಲ್ಲಿ ಶೇ. 25 ಪರಿಶಿಷ್ಟರಿಗೆ ಮೀಸಲಿಡಬೇಕು. ನಮ್ಮ ಕಡೆ ಇದನ್ನ "ಇಪ್ಪತ್ತೈದು ಪರ್ಸೆಂಟು" ಅಂತಲೇ ಕರೀತಾರೆ. ನಮ್ಮ ಭಾಗದ ಒಂದು ಪಂಚಾಯ್ತಿಯಲ್ಲಿ (ಹೆಸರು ಬೇಡ, ಇದು ಒಂದು ಪಂಚಾಯ್ತಿಯ ಕಥೆ ಅಲ್ಲ) ಈ ಇಪ್ಪತ್ತೈದು ಪರ್ಸೆಂಟಿನ ಮೂರು ವರ್ಷದ ಲೆಕ್ಕ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲು ಸಿಬ್ಬಂದಿ ಕೊರತೆ ಅಂದ್ರು. ಆಮೇಲೆ ಕಡತ ಆಡಿಟ್‌ಗೆ ಹೋಗಿದೆ ಅಂದ್ರು. ಮೇಲ್ಮನವಿ ಹಾಕಿದ ಮೇಲೆ ನಾಲ್ಕು ಹಾಳೆ ಬಂತು. ಅದರಲ್ಲಿ ಏನಿತ್ತು ಗೊತ್ತಾ? ಬಸ್ ಸ್ಟ್ಯಾಂಡ್ ಹತ್ರ ಹಾಕಿದ ಹೈಮಾಸ್ಟ್ ದೀಪ. ಊರ ಒಳಗಿನ ನೀರಿನ ಟ್ಯಾಂಕಿನ ರಿಪೇರಿ. ಮೂರು ವರ್ಷವೂ "ಎಸ್‌ಸಿ ಕಾಲೋನಿ ಚರಂಡಿ ಹೂಳೆತ್ತುವುದು", ಮೂರು ವರ್ಷವೂ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದ ಒಂದೇ ಮೊತ್ತ. ಆ ಕಾಲೋನಿಗೆ ಹೋಗಿ ನೋಡಿದೆ. ಹೂಳೆತ್ತೋದು ಆಮೇಲಿನ ಮಾತು, ಅರ್ಧ ಬೀದಿಗೆ ಚರಂಡಿಯೇ ಇಲ್ಲ.

ಇದು ಹೇಗೆ ಸಾಧ್ಯ ಆಗತ್ತೆ ಅಂತ ಹೊಸಬರಿಗೆ ಗೊತ್ತಾಗಲಿ ಅಂತ ಹೇಳ್ತೀನಿ. ವಾರ್ಡ್ ಸಭೆ ಪುಸ್ತಕದಲ್ಲಿ ನಡೆಯತ್ತೆ. ಗ್ರಾಮಸಭೆಯ ನೋಟಿಸು ಪಂಚಾಯ್ತಿ ಗೋಡೆ ಮೇಲೆ ಅಂಟಿಸಿ, ಫೋಟೋ ಹೊಡೆದು, ಅದೇ ಸಂಜೆಗೆ ಹರಿದು ಹೋಗತ್ತೆ. ಸಭೆ ಇಡೋದು ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮ ಜನ ಕೂಲಿಗೆ ಹೋಗಿರೋ ಹೊತ್ತಿಗೆ. ಜಾಗ ಊರ ದೇವಸ್ಥಾನದ ಜಗಲಿಯೋ ಅದರ ಮುಂದಿನ ಅರಳಿಕಟ್ಟೆಯೋ. ಅಲ್ಲಿಗೆ ಹೋಗಿ ನಮ್ಮ ಹೆಂಗಸರು ಕುರ್ಚಿ ಎಳೆದು ಕೂತು ಮಾತಾಡ್ತಾರಾ? ಗ್ರಾಮಸಭೆಯಲ್ಲಿ ಪರಿಶಿಷ್ಟರು ಜನಸಂಖ್ಯೆಗೆ ತಕ್ಕಂತೆ ಇರಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯೇ ಹೇಳತ್ತೆ. ಅದಕ್ಕೆ ಅವರ ಹತ್ರ ಉಪಾಯ ಇದೆ, ಸಭೆ ಮುಗಿದ ಮೇಲೆ ಹಾಜರಾತಿ ಪುಸ್ತಕ ಕೇರಿಗೆ ಬರತ್ತೆ. "ಒಂದು ಸೈನ್ ಹಾಕಮ್ಮ, ಮನೆ ಬರತ್ತೆ" ಅಂತಾರೆ. ಮನೆ ಬರಲ್ಲ. ಬಿಲ್ ಬರತ್ತೆ.

ಕ್ರಿಯಾಯೋಜನೆ ಬರೆಯೋದು ಎಲ್ಲಿ? ಗುತ್ತಿಗೆದಾರರ ಮನೆಯ ಹಜಾರದಲ್ಲಿ. ಗುತ್ತಿಗೆಯಲ್ಲೂ ನಮಗೆ ಮೀಸಲಾತಿ ಬಂತು, ಒಳ್ಳೇದೇ. ಆದರೆ ಎಷ್ಟೋ ಕಡೆ ಲೈಸೆನ್ಸ್ ನಮ್ಮ ಹುಡುಗನದ್ದು, ಕೆಲಸ ಮತ್ತು ಲಾಭ ಇನ್ಯಾರದ್ದೋ. ಹುಡುಗನಿಗೆ ಸೈನ್ ಹಾಕಿದ್ದಕ್ಕೆ ಒಂದಿಷ್ಟು ಪುಡಿಗಾಸು. ಅಧ್ಯಕ್ಷರ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು. ಅಲ್ಲಿ ನಮ್ಮ ಅಕ್ಕ ಕೂತಿರ್ತಾರೆ. ಈಗ ಚೆಕ್ ಕಾಲ ಹೋಯ್ತು, ಡಿಜಿಟಲ್ ಸಹಿ ಬಂತು. ಅಧ್ಯಕ್ಷರದ್ದೊಂದು ಡಾಂಗಲ್, ಪಿಡಿಒದೊಂದು ಡಾಂಗಲ್, ಎರಡೂ ಹಾಕಿದ್ರೇ ಹಣ ಪಾವತಿ. ನಾನು ಹೋದ ಕಡೆಯೆಲ್ಲಾ ಒಂದು ಪ್ರಶ್ನೆ ಕೇಳ್ತೀನಿ: "ಅಕ್ಕಾ, ನಿಮ್ಮ ಡಾಂಗಲ್ ಎಲ್ಲಿದೆ?" ಎಷ್ಟೋ ಸಲ ಅವರು ಉತ್ತರ ಹೇಳೋದಿಲ್ಲ, ಪಕ್ಕದಲ್ಲಿ ನಿಂತ ಯಾರದೋ ಶರ್ಟ್ ಜೇಬಿನ ಕಡೆ ನೋಡ್ತಾರೆ.

ಆ ಅಕ್ಕನ್ನ ಬೈಬೇಡಿ. ಅವರು ಅದೇ ಜೇಬಿನವರ ಹೊಲದಲ್ಲಿ ಕೂಲಿ ಮಾಡ್ತಿದ್ದವರು, ಅಧಿಕಾರ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋಗಬೇಕಾದವರು. ಸಂವಿಧಾನದ 73ನೇ ತಿದ್ದುಪಡಿ ಅವರಿಗೆ ಕುರ್ಚಿ ಕೊಟ್ಟಿತು. ಕುರ್ಚಿಯಿಂದ ಇಳಿದ ಮೇಲೆ ಕಾಲಿಡೋಕೆ ಒಂದೆಕರೆ ಭೂಮಿ ಯಾರೂ ಕೊಡಲಿಲ್ಲ. ಭೂಮಿ ಇಲ್ಲದವರ ಅಧಿಕಾರ ಎರವಲು ಅಧಿಕಾರ. ಅದಕ್ಕೇ ನಾನು ಪದೇ ಪದೇ ಹೇಳೋದು, ಉಪಯೋಜನೆಯ ಹಣ ಮೊದಲು ಭೂಮಿಗೆ, ನೀರಿಗೆ, ಓದಿಗೆ ಹೋಗಬೇಕು. ಸಿಮೆಂಟಿಗೆ ಕೊನೆಗೆ.

ಸಿಮೆಂಟಿನ ವಿಷಯ ಬಂತಲ್ಲ. ನಮ್ಮ ಹೆಸರಿನ ಹಣ ಕೇರಿಗೇ ಬಂದಾಗಲೂ ಯಾವ ರೂಪದಲ್ಲಿ ಬರತ್ತೆ? ಕಾಂಕ್ರೀಟ್ ರಸ್ತೆ, ಅದರ ಮೇಲೆ ಇನ್ನೊಂದು ಕಾಂಕ್ರೀಟ್ ರಸ್ತೆ. ಎಷ್ಟೋ ಕಾಲೋನಿಗಳಲ್ಲಿ ರಸ್ತೆ ಏರಿ ಏರಿ ಮನೆಗಳ ಹೊಸಿಲು ಕೆಳಗಾಗಿವೆ, ಮಳೆ ಬಂದ್ರೆ ನೀರು ಒಳಗೆ. ಬಾಗಿಲು ಹಾಕಿದ ಸಮುದಾಯ ಭವನ, ಒಳಗೆ ಹುಲ್ಲಿನ ಹೊರೆ. ಯಾಕೆ ಯಾವಾಗಲೂ ಸಿಮೆಂಟೇ? ಸಿಮೆಂಟಿನಲ್ಲಿ ಕಮಿಷನ್ ಇದೆ. ಹುಡುಗಿಯೊಬ್ಬಳ ನರ್ಸಿಂಗ್ ಫೀಸಿನಲ್ಲಿ ಕಮಿಷನ್ ಇಲ್ಲ. ಅಂಬೇಡ್ಕರ್ ಭವನ ಬೇಡ ಅಂತ ನಾನು ಅಂತಿಲ್ಲ, ಊರ ಕಲ್ಯಾಣ ಮಂಟಪ ಕೊಡದೆ ಅವಮಾನ ಮಾಡಿದ ಕಡೆ ನಮ್ಮದೇ ಭವನ ಬೇಕು. ಆದರೆ ಬಾಬಾಸಾಹೇಬರ ಹೆಸರಿಟ್ಟ ಕಟ್ಟಡದಲ್ಲಿ ಒಂದು ಕಪಾಟು ಪುಸ್ತಕ, ಸಂಜೆ ಓದೋಕೆ ನಾಲ್ಕು ಲೈಟು ಇರಬೇಕಲ್ವಾ?

ಇನ್ನು ಕೆಲವರು ಸುಧಾರಣೆ ಅಂತ ಬರ್ತಾರೆ. "ಎಲ್ಲ ಹಣ ನೇರವಾಗಿ ಪಂಚಾಯ್ತಿಗೆ ಕೊಡಿ, ಊರಿನವರೇ ತೀರ್ಮಾನ ಮಾಡಲಿ, ಅದೇ ನಿಜವಾದ ಗ್ರಾಮ ಸ್ವರಾಜ್ಯ." ಕೇಳೋಕೆ ಚೆನ್ನಾಗಿದೆ. ನಜೀರ್ ಸಾಬರು 1980ರ ದಶಕದಲ್ಲಿ ಈ ರಾಜ್ಯದಲ್ಲಿ ಅಧಿಕಾರ ವಿಕೇಂದ್ರೀಕರಣಕ್ಕೆ ಹೋರಾಡಿದ್ದನ್ನ ನಾನು ಗೌರವಿಸ್ತೀನಿ. ಬೋರ್‌ವೆಲ್ ಕೊರೆಸಿ "ನೀರ್ ಸಾಬ್" ಅನ್ನಿಸಿಕೊಂಡ ಮನುಷ್ಯ ಅವರು. ಆದರೆ ಊರಿನವರು ಅಂದ್ರೆ ಯಾರು? ಬಾಬಾಸಾಹೇಬರು 1932ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಗ್ರಾಮ ಪಂಚಾಯ್ತಿ ಮಸೂದೆ ಬಂದಾಗ ಇದೇ ಪ್ರಶ್ನೆ ಎತ್ತಿದ್ರು. ಅಸ್ಪೃಶ್ಯರಿಗೆ ರಕ್ಷಣೆ ಇಲ್ಲದೆ ಊರಿಗೆ ಅಧಿಕಾರ ಕೊಟ್ರೆ ಅದು ಬಲಾಢ್ಯ ಜಾತಿಯ ಕೈಗೆ ಹೋಗತ್ತೆ ಅನ್ನೋ ಆತಂಕ ಅವರದ್ದು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನ ಹಾಡಿ ಹೊಗಳೋರಿಗೆ ಅವರು ಕೊಟ್ಟ ಉತ್ತರ ಎಲ್ಲರಿಗೂ ಗೊತ್ತಿರೋದೇ. ನಾನು ಪಂಚಾಯ್ತಿಗೆ ಅಧಿಕಾರ ಬೇಡ ಅನ್ನೋನಲ್ಲ. ಊರಿಗೆ ಎಷ್ಟು ಅಧಿಕಾರವೋ ಕೇರಿಗೂ ಅಷ್ಟು ಅಧಿಕಾರ ಅನ್ನೋನು. ಸಂವಿಧಾನದ 243ಜಿ ವಿಧಿ ಪಂಚಾಯ್ತಿಗೆ ಹೇಳಿರೋ ಕೆಲಸ ಎರಡು: ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯ. ಮೊದಲನೇದಕ್ಕೆ ಟೆಂಡರ್ ಇದೆ, ಎರಡನೇದಕ್ಕೆ ಏನಿದೆ? ಸಾಮಾಜಿಕ ನ್ಯಾಯ ಸಮಿತಿ ಅಂತ ಪ್ರತಿ ಪಂಚಾಯ್ತಿಯಲ್ಲೂ ಇರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಅದು ಕೊನೇ ಸಲ ಯಾವತ್ತು ಸೇರಿತ್ತು, ಕೇಳಿ ನೋಡಿ.

ಕೇಂದ್ರದ ಹಣದ ಕಥೆಯೂ ಬೇರೆಯಲ್ಲ. 15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಪಂಚಾಯ್ತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಒಳ್ಳೆ ಉದ್ದೇಶವೇ. ಆದರೆ ನೀರಿನ ಪೈಪು ಊರ ಟ್ಯಾಂಕಿಂದ ಹೊರಟು ಕೊನೆಗೆ ಮುಟ್ಟೋದು ಕೇರಿಗೆ. ವಾಟರ್‌ಮನ್ ವಾಲ್ವ್ ತಿರುಗಿಸೋ ಹೊತ್ತಿಗೆ ಪ್ರೆಶರ್ ಮುಗಿದಿರತ್ತೆ. ನಲ್ಲಿ ಇದೆ, ನೀರಿಲ್ಲ. ಅಂಕಿಅಂಶದಲ್ಲಿ ಮನೆ ಮನೆಗೂ ನಲ್ಲಿ. ನೈರ್ಮಲ್ಯದ ಹಣದಲ್ಲಿ ಚರಂಡಿ ಸ್ವಚ್ಛ ಮಾಡೋದು ಯಾರು? ಅದನ್ನ ಮಾತ್ರ ನಮ್ಮವರಿಗೇ ನೂರಕ್ಕೆ ನೂರು ಮೀಸಲು ಇಟ್ಟ ಹಾಗಿದೆ.

ಇದೆಲ್ಲ ಯಾರ ಹತ್ರ ಕೇಳೋದು? ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಸದಸ್ಯರನ್ನ ಕೇಳೋಣ ಅಂದ್ರೆ ಸದಸ್ಯರೇ ಇಲ್ಲ. 2016ರಲ್ಲಿ ಚುನಾವಣೆ ಆಗಿದ್ದು, 2021ಕ್ಕೆ ಅವಧಿ ಮುಗೀತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಅಂತ ವರ್ಷಗಳೇ ಉರುಳಿದವು. ಬಿಜೆಪಿ ಮುಂದೂಡಿತು, ಕಾಂಗ್ರೆಸ್ಸೂ ಮುಂದೂಡಿತು. ಅವಧಿ ಮುಗಿಯೋ ಮೊದಲೇ ಚುನಾವಣೆ ಮುಗೀಬೇಕು ಅಂತ ಸಂವಿಧಾನ ಹೇಳತ್ತೆ. ಶಾಸಕರಿಗೆ ಮಾತ್ರ ಇದು ಹಬ್ಬ, ತಾಲ್ಲೂಕಿನ ಎಲ್ಲ ಅನುದಾನಕ್ಕೂ ಅವರೊಬ್ಬರೇ ಯಜಮಾನರು. ಮೀಸಲು ಕ್ಷೇತ್ರದಿಂದ ಗೆದ್ದು ಜಿಲ್ಲಾ ಪಂಚಾಯ್ತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳ್ತಿದ್ದ ನೂರಾರು ದಲಿತ ಧ್ವನಿಗಳನ್ನ ಸದ್ದಿಲ್ಲದೆ ಮುಚ್ಚಿಬಿಟ್ರು.

ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಪೋಸ್ಟ್ ಮುಗಿಸಲ್ಲ. ಸರ್ಕಾರದ ಮುಂದೆ ನಮ್ಮ ಬೇಡಿಕೆ ಇಷ್ಟು:

1. 7(ಸಿ)ಗೆ ತಿದ್ದುಪಡಿ ತನ್ನಿ. ಎಲ್ಲ ಜಾತಿಯವರಿಗೂ ಸಾರ್ವತ್ರಿಕವಾಗಿ ಸಿಗೋ ಯೋಜನೆಯ ಖರ್ಚನ್ನ ಉಪಯೋಜನೆಯಲ್ಲಿ ತೋರಿಸುವಂತಿಲ್ಲ ಅಂತ ಸ್ಪಷ್ಟವಾಗಿ ಬರೀರಿ. ಗ್ಯಾರಂಟಿಗೆ ತೆಗೆದಿದ್ದನ್ನ ವಾಪಸ್ ತುಂಬಿಕೊಡಿ, ಒಂದೇ ವರ್ಷಕ್ಕೆ ಆಗದಿದ್ರೆ ಕಂತಿನಲ್ಲಿ ಕೊಡಿ.

2. ಕೇರಿಯ ವಾರ್ಡ್ ಸಭೆ ಕೇರಿಯಲ್ಲೇ, ಕೂಲಿಯಿಂದ ಜನ ವಾಪಸ್ ಬಂದ ಮೇಲೆ ಸಂಜೆ ನಡೀಲಿ. ಆ ಸಭೆಯ ಒಪ್ಪಿಗೆ ಇಲ್ಲದ ಕಾಮಗಾರಿಗೆ ಪರಿಶಿಷ್ಟರ ಹಣದಿಂದ ಒಂದು ರೂಪಾಯಿಯ ಬಿಲ್ಲೂ ಪಾಸ್ ಆಗಬಾರದು.

3. ಪ್ರತಿ ಕೇರಿಯ ಮುಂದೆ ಬೋರ್ಡ್ ಹಾಕಿ. ಈ ವರ್ಷ ಈ ಕೇರಿಯ ಹೆಸರಲ್ಲಿ ಎಷ್ಟು ಬಂತು, ಏನಕ್ಕೆ ಹೋಯ್ತು, ಯಾರು ಕೆಲಸ ಮಾಡಿದ್ರು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

4. ಸಿಮೆಂಟ್ ಕಾಮಗಾರಿಗೆ ಮಿತಿ ಹಾಕಿ. ಭೂಮಿ, ನೀರಾವರಿ, ನಿವೇಶನ, ಸ್ಮಶಾನ, ಹಾಸ್ಟೆಲ್, ಉನ್ನತ ಶಿಕ್ಷಣ ಮೊದಲ ಸಾಲಿನಲ್ಲಿ ಬರಲಿ.

5. ಕಾಯ್ದೆಯಲ್ಲಿ ಕರ್ತವ್ಯಲೋಪಕ್ಕೆ ಶಿಕ್ಷೆಯ ಕಲಂ ಇದೆ. ಅದನ್ನ ಪುಸ್ತಕದಿಂದ ಹೊರಗೆ ತೆಗೀರಿ. ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರೋ ಪರಿಷತ್ತು ಮಾರ್ಚ್ ತಿಂಗಳಲ್ಲಿ ಖರ್ಚಿನ ಪರ್ಸೆಂಟೇಜ್ ಓದಿ ಚಪ್ಪಾಳೆ ತಟ್ಟೋದು ಬಿಟ್ಟು, ಆ ಖರ್ಚು ಕೇರಿಯಲ್ಲಿ ಏನಾಗಿ ಕಾಣ್ತಿದೆ ಅಂತ ಕೇಳಲಿ.

6. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆಯನ್ನ ಯಾವ ಪಕ್ಷದ ಸರ್ಕಾರವೂ ಮುಂದೂಡಕ್ಕೆ ಆಗದ ಹಾಗೆ ಕಟ್ಟುಪಾಡು ಮಾಡಿ.

ಇದು ಸರ್ಕಾರಕ್ಕೆ. ಈಗ ನಮ್ಮವರಿಗೆ.

ಈ ಸರ್ಕಾರಕ್ಕೆ ನಮ್ಮ ಕೇರಿಗಳು ಕೈತುಂಬಾ ವೋಟು ಹಾಕಿವೆ. ಸಂವಿಧಾನ ಉಳಿಸ್ತೀವಿ ಅಂದ್ರು, ನಂಬಿದೆವು. ಈಗ ಪ್ರಶ್ನೆ ಕೇಳಿದ್ರೆ ಕೆಲವು ನಮ್ಮ ನಾಯಕರೇ "ಈಗ ಸುಮ್ನಿರಪ್ಪ, ಕೋಮುವಾದಿಗಳಿಗೆ ಅನುಕೂಲ ಆಗತ್ತೆ" ಅಂತಾರೆ. ಅಣ್ಣಾ, ನಮ್ಮ ಹಣ ತೆಗೆದ್ರೆ ಅವರಿಗೆ ಅನುಕೂಲ ಆಗಲ್ವಾ? ಕೇಳಿದ್ರೆ ಮಾತ್ರ ಆಗತ್ತಾ? ನಿಗಮ, ಮಂಡಳಿ ಸಿಗಲಿ ಅಂತ ಬಾಯಿ ಹೊಲ್ಕೊಂಡು ಕೂತವರ ಮೌನಕ್ಕೆ ಕೋಮುವಾದದ ಭಯ ಅಂತ ಹೆಸರಿಡಬೇಡಿ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಸರ್ಕಾರ ಯಾರದ್ದು ಅಂತ ನೋಡಿ ಅಲ್ಲ.

ಹಳ್ಳಿಯಲ್ಲಿರೋ ಹುಡುಗ ಹುಡುಗಿಯರೇ, ನೀವು ಮಾಡಬೇಕಾದ್ದು ಮೂರು ಕೆಲಸ. ಪಂಚಾಯ್ತಿಗೆ ಹೋಗಿ ಮೂರು ವರ್ಷದ ಕ್ರಿಯಾಯೋಜನೆ, ಪರಿಶಿಷ್ಟರ ಶೇ. 25ರ ಖರ್ಚಿನ ಪಟ್ಟಿ, ವಾರ್ಡ್ ಸಭೆಯ ನಡಾವಳಿ ಕೇಳಿ. ಬಾಯಲ್ಲಿ ಕೇಳಿದ್ರೆ ಕೊಡಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಎರಡನೇದು, ಬಂದ ಪಟ್ಟಿ ಹಿಡ್ಕೊಂಡು ಬೀದಿ ಬೀದಿ ಸುತ್ತಿ, ಬರೆದಿರೋ ಕಾಮಗಾರಿ ಇದೆಯಾ ಇಲ್ಲವಾ ಅಂತ ಫೋಟೋ ತೆಗೀರಿ. ಮೂರನೇದು, ವರ್ಷಕ್ಕೊಂದು ಸಲ ಪಂಚಾಯ್ತಿ ಜಮಾಬಂದಿ ನಡೆಯತ್ತಲ್ಲ, ಅವತ್ತು ಕೂಲಿ ಬಿಟ್ಟಾದ್ರೂ ಹೋಗಿ ಆ ಫೋಟೋ ಇಟ್ಟು ಕೇಳಿ. ಒಬ್ಬರೇ ಹೋಗಬೇಡಿ. ಹತ್ತು ಜನ ಹೋಗಿ, ಅದರಲ್ಲಿ ಆರು ಜನ ಹೆಂಗಸರಿರಲಿ. ಗಲಾಟೆ ಬೇಡ, ಕೂಗಾಟ ಬೇಡ. ಕಾಗದ ಇಟ್ಟು, "ಇದು ಎಲ್ಲಿದೆ ತೋರ್ಸಿ ಬನ್ನಿ ಸಾರ್" ಅಂತ ಕೇಳಿದ್ರೆ ಸಾಕು. ಆ ಒಂದು ಪ್ರಶ್ನೆಗೆ ಎಂಥೆಂಥವರು ಎದ್ದು ಹೋಗ್ತಾರೆ ಅಂತ ನಾನು ಕಣ್ಣಾರೆ ನೋಡಿದೀನಿ.

ಪಟ್ಟಣಕ್ಕೆ ಬಂದು ನೌಕರಿಯಲ್ಲಿರೋ ನಮ್ಮವರೇ, ಏಪ್ರಿಲ್ 14ಕ್ಕೆ ಬ್ಯಾನರ್ ಹಾಕ್ಸೋದರ ಜೊತೆಗೆ ನಿಮ್ಮೂರಿನ ಆ ಅರ್ಜಿ ಬರೆದುಕೊಡಿ, ಬಂದ ಲೆಕ್ಕ ಓದಿ ಹೇಳಿ. ಅದಕ್ಕಿಂತ ದೊಡ್ಡ ಜಯಂತಿ ಇನ್ನೊಂದಿಲ್ಲ.

ನಲವತ್ತು ಸಾವಿರ ಕೋಟಿ ಸಾಲದಾ ಅಂತ ಕೇಳೋರಿಗೆಲ್ಲ ಉತ್ತರ ಒಂದೇ. ಅದು ಪುಸ್ತಕದಲ್ಲಿ ನಲವತ್ತು ಸಾವಿರ ಕೋಟಿ. ಕೇರಿಯಲ್ಲಿ ಎಷ್ಟು ಅಂತ ಎಣಿಸೋಣ ಬನ್ನಿ. ಎಣಿಸೋಕೆ ನಾವು ಕಲಿತಿದೀವಿ. ನಮ್ಮ ಹಿರಿಯರ ಹೆಬ್ಬೆಟ್ಟಿನ ಕಾಲ ಮುಗೀತು.

ನಿಮ್ಮ ಪಂಚಾಯ್ತಿಯ ಲೆಕ್ಕ ಸಿಕ್ಕಿದ್ರೆ ಕಾಮೆಂಟಲ್ಲಿ ಹಾಕಿ. ಎಲ್ಲ ಸೇರಿಸಿ ತಾಲ್ಲೂಕುವಾರು ಪಟ್ಟಿ ಮಾಡೋಣ. ಶೇರ್ ಮಾಡೋಕೆ ನನ್ನ ಅನುಮತಿ ಕೇಳಬೇಡಿ, ಕಾಪಿ ಮಾಡಿ ನಿಮ್ಮ ಹೆಸರಲ್ಲೇ ಹಾಕ್ಕೊಳ್ಳಿ.

ಜೈ ಭೀಮ್.